ಒಳಗಿನ ಚಿಲಕ

"ಹಾಗಾದ್ರೆ ನೀವೆಲ್ಲ ನಾಳೆ ನೆಲದ ಮೇಲೆ ಕೂತ್ಕೊಳ್ಳಿ!" ಎಂದ ಮೊಳೆ, ಎದೆ ಉಬ್ಬಿಸಿ. "ಬೆಂಚು ಮಾಡಿದ್ದು ನಮ್ಮ ತಾತ. ಒಂದಲ್ಲ, ಎಲ್ಲಾ ಬೆಂಚೂ! ಅಂದ್ಮೇಲೆ ಚರ್ಚ್ ಯಾರದ್ದಾಯ್ತು? ನಮ್ದು!"

ಎದೆ ಉಬ್ಬಿಸಿದರೂ ಅದು ಉಬ್ಬಿದ ಹಾಗೆ ಕಾಣಲಿಲ್ಲ. ಬಡಗಿ ತಾತನ ಈ ಮೊಮ್ಮಗ ತೆಳ್ಳಗೆ, ನೆಟ್ಟಗೆ ಇದ್ದ. ತಲೆ ಮಾತ್ರ ತುಸು ಅಗಲ. ಹಾಗಾಗಿ ಬೀದಿಗೆಲ್ಲ ಅವನು ಮೊಳೆಯೇ.

"ನಿಮ್ಮ ಬೆಂಚು ಹಾಡುತ್ತಾ?" ಎಂದಳು ಸರಿಗಮ. ಅವಳ ಅಮ್ಮ ಪ್ರತಿ ಭಾನುವಾರ ಚರ್ಚಿನಲ್ಲಿ ಕೀಬೋರ್ಡ್ ನುಡಿಸುತ್ತಿದ್ದರು. ಅಮ್ಮನ ಸಂಗೀತ ಮಗಳಿಗೂ ಅಂಟಿಕೊಂಡು, ಜಗಳವಾಡುವಾಗಲೂ ಅವಳ ದನಿ ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ ಓಡಾಡುತ್ತಿತ್ತು. "ಕೀಬೋರ್ಡ್ ನಮ್ಮಮ್ಮಂದು. ಅದಿಲ್ದೆ ಹೋದ್ರೆ ನೀವು ಒಬ್ಬೊಬ್ರು ಒಂದೊಂದು ರಾಗ ಎಳೀತೀರ. ಅದಕ್ಕೇ ಚರ್ಚ್ ನಮ್ದು."

ಶನಿವಾರ ಸಂಜೆ. ಮಕ್ಕಳ ಹಾಡಿನ ಪ್ರಾಕ್ಟೀಸ್ ಆಗಷ್ಟೇ ಮುಗಿದಿತ್ತು. ಮೂವರೂ ಚರ್ಚಿನ ಮೆಟ್ಟಿಲ ಮೇಲೆ ಕುಳಿತಿದ್ದರು. ನಾಳೆ ಮುಂದಿನ ಬೆಂಚಿನ ತುದಿಯಲ್ಲಿ ಯಾರು ಕೂರಬೇಕು ಅಂತ ಶುರುವಾದ ಜಗಳ, ಈಗ ಇಡೀ ಚರ್ಚನ್ನೇ ಹಿಡಿದು ಎಳೆದಾಡುತ್ತಿತ್ತು.

ಮೂರನೆಯವಳು ಇಷ್ಟು ಹೊತ್ತು ಸುಮ್ಮನಿದ್ದದ್ದೇ ದೊಡ್ಡದು. ಅವಳು ನಿದ್ದೆಯಲ್ಲೂ ಮಾತಾಡುವವಳು. ತೊಟ್ಟಿಲಲ್ಲಿ ಮಲಗಿದ್ದಾಗಲೇ ಅಜ್ಜಿ ಅವಳಿಗೆ ಪಟಪಟಿ ಅಂತ ಹೆಸರಿಟ್ಟಿದ್ದಳು.

"ಮುಗೀತಾ ನಿಮ್ದು? ಈಗ ಕೇಳಿ," ಎಂದು ಪಟಪಟಿ ಎದ್ದು ನಿಂತಳು. "ಕೀ ಯಾರ ಮನೇಲಿದೆ? ನಮ್ಮ ಮನೇಲಿ! ನಮ್ಮಮ್ಮ ಬಾಗಿಲು ತೆಗೆದ್ರೆ ನೀವು ಒಳಗೆ. ತೆಗೀಲಿಲ್ಲ ಅಂದ್ರೆ ನಿಮ್ಮ ಬೆಂಚು ಒಳಗೆ, ನೀವು ಹೊರಗೆ. ನಿಮ್ಮ ಕೀಬೋರ್ಡ್ ಅಂತೂ ಆಟೋದಲ್ಲೇ!"

ಮೊಳೆ ತಲೆ ಕೆರೆದುಕೊಂಡ. ಮಾತಿನಲ್ಲಿ ಹುರುಳಿದೆ ಅನ್ನಿಸಿತು.

ಸರಿಗಮ ಮಾತ್ರ ಬಿಡಲಿಲ್ಲ. "ನಿಮ್ಮಮ್ಮಂಗೆ ಕೀ ಯಾಕೆ ಕೊಟ್ಟಿದ್ದಾರೆ ಹೇಳು? ಗುಡಿಸೋಕೆ. ಗುಡಿಸೋರದ್ದೇ ಆಗೋದಾದ್ರೆ ನಮ್ಮ ಸ್ಕೂಲು ಆಯಾದ್ದೇ ಆಗ್ಬೇಕಿತ್ತು!"

ಮೊಳೆ ಕಿಸಕ್ಕನೆ ನಕ್ಕುಬಿಟ್ಟ. ಆಮೇಲೆ ನಗಬಾರದಿತ್ತು ಅನ್ನಿಸಿ ಕೆಮ್ಮಿದ.

ಪಟಪಟಿ ಬಾಯಿ ತೆರೆದಳು. ಅಲ್ಲಿ ಒಂದೂ ಮಾತಿರಲಿಲ್ಲ. ಯಾವತ್ತೂ ಹೀಗಾಗಿರಲಿಲ್ಲ ಅವಳಿಗೆ. ತೆರೆದ ಬಾಯಿಯನ್ನು ಮುಚ್ಚಿಕೊಂಡು, ಮೆಟ್ಟಿಲಿಳಿದು, ಹಿಂತಿರುಗಿ ನೋಡದೆ ಮನೆಯ ಕಡೆ ಓಡಿದಳು.

ಮನೆಯ ಮುಂದಿನ ಕೋಣೆಯೇ ಅಮ್ಮನ ಹೊಲಿಗೆ ಅಂಗಡಿ. ಸ್ಕೂಲು ಶುರುವಾಗುವ ಕಾಲ. ನೀಲಿ ಯೂನಿಫಾರ್ಮ್ ಬಟ್ಟೆ ಬೆಟ್ಟದ ಹಾಗೆ ಬಿದ್ದಿತ್ತು. ಅಮ್ಮ ನೆಲದ ಮೇಲೆ ಮಂಡಿಯೂರಿ, ತುಟಿಗಳ ನಡುವೆ ಗುಂಡುಸೂಜಿ ಸಾಲಾಗಿ ಕಚ್ಚಿಕೊಂಡು, ಬಟ್ಟೆಗೆ ಗುರುತು ಹಾಕುತ್ತಿದ್ದಳು.

"ಅಮ್ಮಾ, ಚರ್ಚ್ ಯಾರದ್ದು?"

"ಊಂ."

"ಊಂ ಅಂದ್ರೆ? ನಮ್ದಾ?"

"ಊಂಹೂಂ."

"ಅವಳನ್ನ ಯಾಕೆ ಕೇಳ್ತೀಯೇ? ಸೂಜಿ ನುಂಗಿಯಾಳು," ಎಂದು ಅಜ್ಜಿ ಮಂಚದಿಂದ ಹೇಳಿದಳು. "ದೇವರದ್ದು ಕಣೇ. ಇನ್ಯಾರದ್ದು?"

"ದೇವರ ಹತ್ರ ಕೀ ಇದ್ಯಾ?"

"ಅವನಿಗ್ಯಾಕೆ ಕೀ? ಅವನೇನು ಬಾಗಿಲಿಂದ ಬರ್ತಾನಾ?"

"ಮತ್ತೆ ಕಿಟಕಿಯಿಂದಾ?"

ಅಜ್ಜಿಗೆ ನಗು ಬಂತು, ನಗುವಿನ ಹಿಂದೆಯೇ ಕೆಮ್ಮು ಬಂತು. ಅಮ್ಮ ಸೂಜಿಗಳನ್ನೆಲ್ಲ ಬಾಯಿಂದ ತೆಗೆದು ಸೂಜಿ ಚುಚ್ಚಿಡುವ ಪುಟ್ಟ ದಿಂಬಿಗೆ ಚುಚ್ಚಿ, ಎದ್ದು ಅತ್ತೆಗೆ ನೀರು ಕೊಟ್ಟಳು. ಆಮೇಲೆ ಮಗಳ ಮುಖ ನೋಡಿದಳು.

"ಏನಾಯ್ತು?"

"ಏನಿಲ್ಲ."

"ನೀನು ಒಂದೇ ಮಾತಲ್ಲಿ ಉತ್ತರ ಕೊಟ್ರೆ ನನಗೆ ಭಯ ಆಗುತ್ತೆ ಕಣೇ."

ಪಟಪಟಿ ಹೇಳಲಿಲ್ಲ. ಅಮ್ಮ ಅವತ್ತು ಮಧ್ಯಾಹ್ನ ಚರ್ಚ್ ಗುಡಿಸಿ ಬಂದಿದ್ದಳು. ಶನಿವಾರ ಗುಡಿಸಿ ಬಂದ ಮೇಲೆ ಅಮ್ಮ ಸ್ವಲ್ಪ ಬೇರೆಯೇ ಆಗಿರುತ್ತಿದ್ದಳು. ಮೆಷಿನ್ ತುಳಿಯುತ್ತಾ ತನ್ನಷ್ಟಕ್ಕೆ ಏನೋ ಗುನುಗುತ್ತಿದ್ದಳು. ಈಗಲೂ ಗುನುಗತೊಡಗಿದಳು. ಇಂಥವಳ ಹತ್ತಿರ ಆ ಮಾತನ್ನು ಹೇಳುವುದು ಹೇಗೆ?

ನಾಳೆ ಸರಿಗಮಳಿಗೆ ಬುದ್ಧಿ ಕಲಿಸಬೇಕು. ಹೇಗೆ ಅಂತ ಗೊತ್ತಿರಲಿಲ್ಲ. ಆದರೆ ಕಲಿಸಲೇಬೇಕು.

ಬೆಳಿಗ್ಗೆ ಎದ್ದಾಗ ಅಜ್ಜಿಯ ಮಂಡಿ ಊದಿಕೊಂಡಿತ್ತು. ಅಮ್ಮ ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಶಾಖ ಕೊಡುತ್ತಾ, "ಪುಟ್ಟೀ, ಇವತ್ತು ನೀನೇ ಹೋಗಿ ಚರ್ಚ್ ಬಾಗಿಲು ತೆಗೀತೀಯಾ? ಕಿಟಕಿನೂ ತೆಗಿ. ನಾನು ಅಜ್ಜಿನ ನಿಧಾನ ಕರ್ಕೊಂಡು ಬರ್ತೀನಿ," ಎಂದಳು.

ಅಡುಗೆಮನೆ ಬಾಗಿಲ ಹಿಂದೆ ತೂಗುತ್ತಿದ್ದ ಕೀ ತೆಗೆದುಕೊಂಡು ಪಟಪಟಿ ಹಾರಿದಳು. ದಾರಿಯಲ್ಲೇ ಉಪಾಯವೂ ಹಾರಿಬಂತು.

ಅದು ಪುಟ್ಟ ಚರ್ಚು. ಎರಡು ರೆಕ್ಕೆಯ ಒಂದೇ ಬಾಗಿಲು. ಕಿಟಕಿಗಳಿಗೆ ಕಬ್ಬಿಣದ ಸರಳು, ಅದರ ಮೇಲೆ ಸೊಳ್ಳೆ ಜಾಲರಿ. ಪಟಪಟಿ ಬೀಗ ತೆಗೆದು, ಬೀಗವನ್ನೂ ಕೀಯನ್ನೂ ಹಿಡಿದುಕೊಂಡೇ ಒಳಗೆ ಹೋಗಿ, ಬಾಗಿಲು ಹಾಕಿಕೊಂಡಳು. ಬಾಗಿಲ ಒಳಗಡೆ, ಅವಳ ಕತ್ತಿನ ಎತ್ತರಕ್ಕೆ, ಹೆಬ್ಬೆರಳಿನಷ್ಟು ದಪ್ಪದ ಒಂದು ಚಿಲಕವಿತ್ತು. ಅದನ್ನು ಯಾರಾದರೂ ಹಾಕಿದ್ದನ್ನು ಅವಳು ನೋಡಿಯೇ ಇರಲಿಲ್ಲ. ತುಕ್ಕು ಹಿಡಿದು ಕೆಂಪಗಾಗಿತ್ತು. ತಳ್ಳಿದಳು. ಅಲ್ಲಾಡಲಿಲ್ಲ. ಎರಡೂ ಕೈಯಿಂದ ತಳ್ಳಿದಳು. ಕಿರ್ ಅಂದಿತು. ಕೊನೆಗೆ ಕೈಯಲ್ಲಿದ್ದ ಬೀಗದಿಂದ ಒಂದು ಏಟು ಕೊಟ್ಟಳು.

ಟಕ್! ಚಿಲಕ ಬಿತ್ತು.

"ಈಗ ಬರ್ಲಿ ನೋಡೋಣ," ಎಂದಳು ಪಟಪಟಿ. ಖಾಲಿ ಚರ್ಚು "...ಡೋಣ" ಎಂದಿತು.

ಅವಳಿಗೆ ಬಲು ಖುಷಿಯಾಯಿತು. ಮುಂದಿನ ಬೆಂಚಿನ ಈ ತುದಿಯಲ್ಲಿ ಕೂತಳು. ಆ ತುದಿಯಲ್ಲಿ ಕೂತಳು. ನಡುವೆ ಉದ್ದಕ್ಕೆ ಮಲಗಿದಳು. ಪಾಸ್ಟರ್ ನಿಲ್ಲುವ ಜಾಗಕ್ಕೆ ಹೋಗಿ, ಅವರ ಹಾಗೆಯೇ ಕನ್ನಡಕವಿಲ್ಲದ ಮೂಗಿನ ಮೇಲೆ ಕನ್ನಡಕ ಏರಿಸಿಕೊಂಡು, "ಪ್ರಿಯರೇ!" ಎಂದಳು. ಬೆಂಚುಗಳು ಶಿಸ್ತಾಗಿ ಕೇಳಿಸಿಕೊಂಡವು. "ಇವತ್ತು ನಾನು ಹೆಚ್ಚು ಮಾತಾಡೋದಿಲ್ಲ," ಎಂದು ಅವರ ಹಾಗೆಯೇ ಸುಳ್ಳು ಹೇಳಿ ತಾನೇ ನಕ್ಕಳು.

ಅಷ್ಟರಲ್ಲಿ ಹೊರಗೆ ಆಟೋ ನಿಂತ ಸದ್ದು. ಯಾರೋ ಬಾಗಿಲು ತಳ್ಳಿದರು.

ಪಟಪಟಿ ತುದಿಗಾಲಲ್ಲಿ ಓಡಿಬಂದು ಎರಡು ರೆಕ್ಕೆಗಳ ನಡುವಿನ ಸಂದಿಗೆ ಕಣ್ಣಿಟ್ಟಳು. ಸರಿಗಮಳ ಅರ್ಧ ಮೂಗು, ಒಂದು ಜಡೆ ಕಾಣಿಸಿತು.

"ಯಾರು ಬೇಕಿತ್ತು?"

"ಏ ಪಟಪಟಿ! ಬಾಗಿಲು ತೆಗಿಯೇ. ಅಮ್ಮ ಕೀಬೋರ್ಡ್ ಹೊತ್ಕೊಂಡು ನಿಂತಿದ್ದಾರೆ."

"ಮೊದಲು ಹೇಳು, ಚರ್ಚ್ ಯಾರದ್ದು?"

"ನಮ್ದು!"

"ಹೌದಾ? ಹಾಗಾದ್ರೆ ನಿಮ್ಮ ಚರ್ಚಿಗೆ ನೀವೇ ಬನ್ನಿ. ನನ್ನನ್ನ್ಯಾಕೆ ಕೇಳ್ತೀಯ?"

ಮೊಳೆಯ ದನಿಯೂ ಬಂತು. "ಏಯ್, ನಾನು ನಿನ್ನೆ ಬರೀ ನಕ್ಕಿದ್ದು. ನನ್ನೊಬ್ಬನ್ನ ಬಿಡು."

"ನಕ್ಕಿದ್ದಕ್ಕೂ ಸೇರಿಸಿ ಹೊರಗಿರು!"

ಆಟ ಚೆನ್ನಾಗಿಯೇ ನಡೆದಿತ್ತು. ಆದರೆ ಹೊರಗೆ ದೊಡ್ಡವರ ದನಿಗಳು ಒಂದೊಂದೇ ಸೇರತೊಡಗಿದವು. ಬೇಕರಿಯಣ್ಣ ಬಂದರು. ಬಡಗಿ ತಾತ ಬಂದರು. ಟೈಮ್ ಅಂಕಲ್ ಬಂದರು. ಟೈಮ್ ಅಂಕಲ್ ಚರ್ಚ್ ಕಮಿಟಿಯ ಸೆಕ್ರೆಟರಿ. ಅವರು ಮುಖಕ್ಕಿಂತ ಮೊದಲು ವಾಚು ನೋಡುವವರು.

"ಏನಿದು? ಟೈಮಾಯ್ತು! ಬಾಗಿಲು ಯಾಕೆ ತೆಗೆದಿಲ್ಲ?"

ಇನ್ನು ಸಾಕು ಅನ್ನಿಸಿತು ಪಟಪಟಿಗೆ. ಚಿಲಕ ಎಳೆದಳು. ಬರಲಿಲ್ಲ. ಎರಡೂ ಕೈ ಹಾಕಿ ಎಳೆದಳು. ಬೀಗದಿಂದ ಹೊಡೆದಳು. ಒಂದು ಕಾಲನ್ನು ಬಾಗಿಲಿಗೆ ಕೊಟ್ಟು ಎಳೆದಳು. ಚಿಲಕ ಸೊಟ್ಟಗಾಗಿ, ಅದರ ಬಳೆಯೊಳಗೆ ಕಚ್ಚಿಕೊಂಡು ಕೂತಿತ್ತು.

"ಅದು... ಬರ್ತಾ ಇಲ್ಲ," ಎಂದಳು, ಸಣ್ಣ ದನಿಯಲ್ಲಿ.

ಹೊರಗಿದ್ದವರೆಲ್ಲ ಒಟ್ಟಿಗೆ ಉಪಾಯ ಹೇಳತೊಡಗಿದರು.

"ಎತ್ತಿ ಎಳಿ ಮರಿ!"

"ಎತ್ತೋದಲ್ಲ, ಒತ್ತಿ ಎಳೀಬೇಕು!"

"ಎಣ್ಣೆ ಇದ್ಯಾ ಒಳಗೆ?"

"ಚರ್ಚಲ್ಲಿ ಎಣ್ಣೆ ಎಲ್ಲಿಂದ ಬರುತ್ತಪ್ಪಾ, ಅದೇನು ಗ್ಯಾರೇಜಾ?"

ಬಡಗಿ ತಾತ ಸಂದಿಯಲ್ಲಿ ಒಂದು ಕಣ್ಣಿಟ್ಟು ನೋಡಿದರು. ಆಮೇಲೆ ಆಶ್ಚರ್ಯದಿಂದ, "ಒಳಗಿನ ಚಿಲಕ ಹಾಕಿದ್ದಾಳೆ!" ಎಂದರು. "ಈ ಬಾಗಿಲು ಕೂರಿಸಿದಾಗಿಂದ ಆ ಚಿಲಕನ ಯಾರೂ ಹಾಕಿದ್ದಿಲ್ಲ. ಚರ್ಚಿನ ಒಳಗೆ ಕೂತು ಬಾಗಿಲು ಹಾಕ್ಕೊಳೋರು ಯಾರಿರ್ತಾರೆ? ಮೊಳೇ, ಓಡು, ಮನೆಯಿಂದ ಗರಗಸದ ಬ್ಲೇಡ್ ತಗೊಂಬಾ. ಚಿಲಕನೇ ಕೊಯ್ಯಬೇಕು."

"ಎಷ್ಟು ಹೊತ್ತಾಗುತ್ತೆ?" ಟೈಮ್ ಅಂಕಲ್.

"ಕಬ್ಬಿಣನ ಕೇಳ್ಬೇಕು."

"ಮಕ್ಕಳ ಕೈಗೆ ಕೀ ಕೊಟ್ಟೋರು ಯಾರು?" ಟೈಮ್ ಅಂಕಲ್ ದನಿ ಏರಿತು. "ಟೈಲರಮ್ಮನಿಗೆ ಬುದ್ಧಿ ಬೇಡ್ವಾ? ಇವತ್ತಿಂದ ಕೀ ಬೇರೆಯವರ ಹತ್ರ ಇರ್ಲಿ. ಕಮಿಟಿಯಲ್ಲೇ ಯಾರಾದ್ರೂ ಇಟ್ಕೊಳ್ಳೋಣ."

ಪಟಪಟಿಯ ಕೈಯಿಂದ ಬೀಗ ಜಾರಿ ನೆಲಕ್ಕೆ ಬಿತ್ತು.

ಅಮ್ಮನ ಕೀ! ಚರ್ಚ್ ನಮ್ಮದು ಅಂತ ತೋರಿಸಲು ಹೋಗಿ, ಅಮ್ಮನ ಹತ್ತಿರ ಇದ್ದ ಒಂದು ಕೀಯನ್ನೂ ಕಳೆದುಬಿಟ್ಟೆನಲ್ಲ. ಅವಳು ಬಾಗಿಲಿಗೆ ಬೆನ್ನು ಕೊಟ್ಟು ಕುಸಿದು ಕೂತಳು. ಎದುರಿಗೆ ಉದ್ದಕ್ಕೂ ಬೆಂಚುಗಳು. ಆಗಷ್ಟೇ ಎಲ್ಲವೂ ತನ್ನದೇ ಅನ್ನಿಸಿದ ಬೆಂಚುಗಳು ಈಗ ಬರೀ ಮರದ ಹಾಗೆ ಕಂಡವು.

ಸ್ವಲ್ಪ ಹೊತ್ತಿಗೆ ಬೆನ್ನಿನ ಹಿಂದೆ, ಸಂದಿಯ ಆಚೆಯಿಂದ, ಗುರುತಿನ ದನಿ ಬಂತು.

"ಪುಟ್ಟೀ. ಒಳಗೆ ಕುಡಿಯೋಕೆ ನೀರಿದೆಯಾ?"

ಪಟಪಟಿ ತಿರುಗಿ ನೋಡಿದಳು. ಸಂದಿಯಲ್ಲಿ ಅಮ್ಮನ ಒಂದು ಕಣ್ಣು. ಕತ್ತಿನಲ್ಲಿ ಅಳತೆ ಟೇಪು ನೇತಾಡುತ್ತಿತ್ತು. ಗಾಬರಿಯಲ್ಲಿ ತೆಗೆಯುವುದನ್ನೇ ಮರೆತಿದ್ದಳು. ಬೈಗುಳ ಬರುತ್ತದೆಂದು ಕಾದವಳಿಗೆ ನೀರಿನ ಮಾತು ಕೇಳಿ ಅಳು ಒತ್ತರಿಸಿಕೊಂಡು ಬಂತು.

"ಹೂಜೀಲಿದೆ."

"ಕುಡಿ. ಆಮೇಲೆ ಅಳು. ಒಣಗಿದ ಗಂಟಲಲ್ಲಿ ಅತ್ರೆ ನೋಯುತ್ತೆ."

ಪಟಪಟಿ ಕುಡಿದು ಬಂದಳು. ಅಳು ಅಷ್ಟರಲ್ಲಿ ಎಲ್ಲೋ ತಪ್ಪಿಸಿಕೊಂಡಿತ್ತು.

"ಈಗ ಹೇಳು. ಯಾಕೆ ಹಾಕ್ಕೊಂಡೆ?"

ಪಟಪಟಿ ಸಂದಿಗೆ ಬಾಯಿಟ್ಟು, ನಿನ್ನೆ ಹೇಳದೆ ಉಳಿಸಿಕೊಂಡಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಬೆಂಚು, ಕೀಬೋರ್ಡ್, ಕೀ, ಆಯಾ. ಕೊನೆಗೆ, "ನೀನು ಬರೀ ಗುಡಿಸೋಳಂತೆ," ಎಂದಳು.

ಆಚೆಯಿಂದ ಅಮ್ಮ ನಕ್ಕಳು. "ಗುಡಿಸೋದು ನಿಜ ತಾನೇ?"

"ನಿನಗೆ ಬೇಜಾರಾಗಲ್ವಾ?"

"ಆ ಮಾತಿಗೆ ಸ್ವಲ್ಪ ಆಯ್ತು. ಗುಡಿಸೋದಕ್ಕೆ ಆಗಲ್ಲ." ಅಮ್ಮ ಬಾಗಿಲಿಗೆ ಇನ್ನಷ್ಟು ಹತ್ತಿರ ಬಂದು, ದನಿ ತಗ್ಗಿಸಿದಳು. "ಒಂದು ವಿಷಯ ಹೇಳ್ಲಾ? ವಾರವೆಲ್ಲ ಯಾರಾದ್ರೂ ಕರೀತಾನೇ ಇರ್ತಾರೆ. ಅಮ್ಮಾ ಅಂತ ನೀನು, ಏನಮ್ಮಾ ಅಂತ ಅಜ್ಜಿ, ಟೈಲರಮ್ಮಾ ಅಂತ ಬೀದಿ. ಶನಿವಾರ ಇಲ್ಲಿಗೆ ಬಂದ್ರೆ ಯಾರೂ ಕರಿಯಲ್ಲ. ಪೊರಕೆ ಹಿಡ್ಕೊಂಡು ರಾಣಿ ಹಾಗೆ ಓಡಾಡ್ತೀನಿ. ಇದೆಲ್ಲ ನಂದೇ ಅನ್ಸುತ್ತೆ. ನಿನಗೂ ಈಗ ಅನ್ನಿಸಿರ್ಬೇಕಲ್ಲ, ಹಾಗೆ."

ಪಟಪಟಿ ಕಣ್ಣರಳಿಸಿದಳು. ಅಮ್ಮನೂ ಹೀಗೆಲ್ಲ ಅಂದುಕೊಳ್ಳುತ್ತಾಳೆಂದು ಅವಳಿಗೆ ಗೊತ್ತೇ ಇರಲಿಲ್ಲ.

"ಆಮೇಲೆ?"

"ಆಮೇಲೆ ಬೆಂಚಿನ ಕೆಳಗೆ ಬಗ್ತೀನಿ. ಒಂದು ಕಡೆ ಪೆಪ್ಪರ್‌ಮಿಂಟ್ ಕಾಗದ. ಓಹೋ, ಬೇಕರಿಯಣ್ಣ ಕೂತಿದ್ದು ಇಲ್ಲಿ, ಪಾಸ್ಟರ್ ಪ್ರಸಂಗ ಶುರುಮಾಡಿದ ತಕ್ಷಣ ಒಂದು ಬಾಯಿಗೆ ಹಾಕ್ಕೊಳ್ತಾರೆ. ಇನ್ನೊಂದು ಕಡೆ ಮಗುವಿನ ಒಂದೇ ಒಂದು ಕಾಲುಚೀಲ. ಬಡಗಿ ತಾತ ಕೂತ ಕಡೆ ಮರದ ಹುಡಿ. ಯಾರೋ ಅತ್ತು ಒದ್ದೆ ಮಾಡಿದ ಟಿಶ್ಯೂ. ಅದು ಯಾರದ್ದು ಅಂತ ನನಗೆ ಗೊತ್ತಾದ್ರೂ ಹೇಳಲ್ಲ. ಎಲ್ಲಾ ಗುಡಿಸಿ ಎತ್ತೋ ಹೊತ್ತಿಗೆ ನಾನೊಬ್ಬಳೇ ಇದ್ದೀನಿ ಅಂತ ಅನ್ಸೋದೇ ಇಲ್ಲ. ಜೋರು ಮಳೆ ಬಂದು ಯಾರೂ ಬರದ ವಾರ ಒಂದು ಚೂರು ಕಸ ಇರಲ್ಲ ನೋಡು. ಆವತ್ತು ಗುಡಿಸೋಕೆ ಬೇಜಾರು."

ಪಟಪಟಿ ತಿರುಗಿ ಒಳಗೆ ನೋಡಿದಳು. ನೆಲ ಥಳಥಳ ಹೊಳೆಯುತ್ತಿತ್ತು. ಒಂದು ಚೂರೂ ಕಸ ಇರಲಿಲ್ಲ.

"ಅಮ್ಮಾ, ಟೈಮ್ ಅಂಕಲ್ ಕೀ ಕಿತ್ಕೊಳ್ತಾರಂತೆ."

"ಕೇಳಿಸ್ತು," ಎಂದಳು ಅಮ್ಮ. ಅವಳ ದನಿಯಲ್ಲಿ ಈಗ ನಗು ಇರಲಿಲ್ಲ.

ಹೊರಗೆ ಪಾಸ್ಟರ್ ಬಂದಿದ್ದರು. ಎಲ್ಲರೂ ಒಟ್ಟಿಗೆ ವರದಿ ಒಪ್ಪಿಸಿದರು. ಮೊಳೆ ಬ್ಲೇಡ್ ತಂದಿದ್ದ. ತಾತ ಅದನ್ನು ಸಂದಿಯಲ್ಲಿ ತೂರಿಸಿ ಕರ್ ಕರ್ ಎಂದು ಕೊಯ್ಯಲು ಶುರುಮಾಡಿದ್ದರು.

"ತಾತ ಅವರ ಕೆಲಸ ಮಾಡ್ಲಿ. ನಾವು ನಮ್ಮ ಕೆಲಸ ಶುರು ಮಾಡೋಣ," ಎಂದರು ಪಾಸ್ಟರ್. "ಮೆಟ್ಟಿಲ ಮೇಲೆ ಕೂತ್ಕೊಳ್ಳಿ."

"ಇಲ್ಲೇನಾ? ಬೀದೀಲಾ?" ಟೈಮ್ ಅಂಕಲ್ ಬೆಚ್ಚಿದರು. "ಚರ್ಚ್ ಒಳಗಿದೆಯಲ್ಲ ಸ್ವಾಮಿ!"

ಪಾಸ್ಟರ್ ಕನ್ನಡಕ ಏರಿಸಿಕೊಂಡರು. "ಒಳಗೆ ಯಾರಿದ್ದಾರೆ?"

"ಪಟಪಟಿ ಒಬ್ಬಳೇ."

"ಹಾಗಾದ್ರೆ ಚೂರು ಒಳಗಿದೆ. ಮಿಕ್ಕಿದ್ದೆಲ್ಲ ಹೊರಗಿದೆ. ಕೂತ್ಕೊಳ್ಳಿ."

ಜನ ನಕ್ಕರು. ಕೂತರು. ಅಜ್ಜಿಯನ್ನು ಇಬ್ಬರು ಹಿಡಿದು ಮೇಲಿನ ಮೆಟ್ಟಿಲ ಮೇಲೆ ಕೂರಿಸಿದರು. ಸರಿಗಮಳ ಅಮ್ಮ ಕೀಬೋರ್ಡ್ ಬಿಚ್ಚಿದರು, ವೈರ್ ಹಿಡಿದು ಸುತ್ತ ನೋಡಿದರು, ಮತ್ತೆ ಚೀಲಕ್ಕೆ ಹಾಕಿದರು. ಬೀದಿಯಲ್ಲಿ ಪ್ಲಗ್ ಎಲ್ಲಿ?

"ಪರವಾಗಿಲ್ಲ, ಬಾಯಲ್ಲೇ ಹಾಡೋಣ," ಎಂದರು ಪಾಸ್ಟರ್. "ಹಾಡಿನ ಪುಸ್ತಕ ಕೊಡಿ."

"ಪುಸ್ತಕ?" ಎಂದರು ಯಾರೋ.

ಎಲ್ಲರೂ ಬಾಗಿಲ ಕಡೆ ನೋಡಿದರು. ಪುಸ್ತಕಗಳೆಲ್ಲ ಒಳಗಿನ ಬೀರುವಿನಲ್ಲಿದ್ದವು.

ಪಟಪಟಿ ಬೀರುವಿಗೆ ಓಡಿದಳು. ಒಂದು ಪುಸ್ತಕ ತಂದು ಬಾಗಿಲ ಕೆಳಗೆ ತೂರಿಸಿ ನೋಡಿದಳು. ಹೋಗಲಿಲ್ಲ. ಸಂದಿಯಲ್ಲೂ ಹೋಗಲಿಲ್ಲ. ಕಿಟಕಿಗೆ ಜಾಲರಿ ಅಡ್ಡ. ಆಗ ಅವಳೇ ಕೂಗಿದಳು: "ನಾನು ಓದಿ ಹೇಳ್ತೀನಿ! ಒಂದೊಂದೇ ಸಾಲು! ನೀವು ಹಾಡಿ!"

"ಕರ್ ಕರ್ ಸದ್ದಲ್ಲಿ ಏನೂ ಕೇಳಿಸ್ತಿಲ್ಲ ಮರೀ," ಎಂದರು ಬೇಕರಿಯಣ್ಣ ದೂರದಿಂದ.

ಯಾರೋ ಎದ್ದು ಬಾಗಿಲ ಹತ್ತಿರ ಬಂದ ಸದ್ದು. ಸಂದಿಯಲ್ಲಿ ಮತ್ತೆ ಆ ಅರ್ಧ ಮೂಗು, ಆ ಜಡೆ. ಪಟಪಟಿಯ ಅಮ್ಮ ಹೇಳಿದ್ದನ್ನೆಲ್ಲ ಸರಿಗಮ ಬಾಗಿಲ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಿದ್ದಳೋ ಏನೋ, ಮುಖ ಒಂದು ತರಹ ಇತ್ತು.

"ನೀನು ನನಗೆ ಹೇಳು," ಎಂದಳು. "ನಾನು ಅವರಿಗೆ ಕೂಗ್ತೀನಿ."

ಪಟಪಟಿ ಒಂದು ಕ್ಷಣ ಯೋಚಿಸಿದಳು. ಒಂದೇ ಕ್ಷಣ. ಆಮೇಲೆ ಓದಿದಳು.

ಅವಳು ಓದಿದ್ದು ಸಂದಿಯಿಂದ ಸರಿಗಮಳ ಕಿವಿಗೆ ಹೋಯಿತು. ಸರಿಗಮ ಅದನ್ನು ಅಂಗಳಕ್ಕೆಲ್ಲ ಕೇಳುವ ಹಾಗೆ ಕೂಗಿದಳು. ಅಂಗಳ ಅದನ್ನು ಹಾಡಿತು. ಬೇಕರಿಯಣ್ಣ ಅರ್ಧ ಸಾಲು ಹಿಂದೆ, ಅಜ್ಜಿ ಅರ್ಧ ಸಾಲು ಮುಂದೆ. ಅಜ್ಜಿಗೆ ಹಾಡು ಬಾಯಿಪಾಠ. ಅವಳು ಯಾರಿಗೂ ಕಾಯಲಿಲ್ಲ. ತಾತನ ಗರಗಸ ತನ್ನದೇ ತಾಳ ಹಾಕಿತು.

ಪಟಪಟಿಗೆ ಹುರುಪು ಬಂತು. ಓದು ಓಟವಾಯಿತು.

"ನಿಧಾನ ಕಣೇ!" ಎಂದಳು ಸರಿಗಮ. "ಬಸ್ ಓಡಿಸ್ತಿದೀಯಾ? ಅಲ್ಲಿ ಇನ್ನೂ ಮೊದಲ್ನೇ ಸ್ಟಾಪಲ್ಲೇ ನಿಂತಿದ್ದಾರೆ!"

"ಅವರಿಗೆ ಬೇಗ ಹತ್ತೋಕೆ ಹೇಳು!"

ಇಬ್ಬರಿಗೂ ನಗು ಬಂತು. ನಗುವಿನಲ್ಲಿ ಒಂದು ಸಾಲು ಪೂರಾ ಹಾರಿಹೋಯಿತು. ಜನ ತಮಗೆ ತೋಚಿದ ಹಾಗೆ ಅದನ್ನು ತುಂಬಿಸಿಕೊಂಡರು. ಹೊರಗೆ ಸ್ವರಗಳು ದಿಕ್ಕಿಗೊಂದು ಓಡುತ್ತಿದ್ದರೂ ಸರಿಗಮಳ ಅಮ್ಮ ತೊಡೆ ತಟ್ಟುತ್ತಾ ಹಾಡುತ್ತಲೇ ಇದ್ದರು.

ಪಟಪಟಿ ಸಂದಿಗೆ ಕಣ್ಣಿಟ್ಟಳು. ಒಬ್ಬೊಬ್ಬರೇ ಚೂರು ಚೂರಾಗಿ ಕಂಡರು. ಒಂದು ಅಂಗಿಯ ಗುಂಡಿ. ಅಜ್ಜಿಯ ಊದಿದ ಮಂಡಿ. ಪಾಸ್ಟರ್ ಕನ್ನಡಕದ ಒಂದು ಗಾಜು. ಎಲ್ಲರನ್ನೂ ಒಟ್ಟಿಗೆ ನೋಡಬೇಕು ಅಂತ ಅವಳಿಗೆ ತುಂಬಾ ಆಸೆಯಾಯಿತು. ಮುಂದಿನ ಬೆಂಚಿನ ತುದಿ ಅಲ್ಲ, ಕೆಳಗಿನ ಮೆಟ್ಟಿಲ ಮೂಲೆ ಸಿಕ್ಕಿದರೂ ಸಾಕಿತ್ತು.

ಕರ್, ಕರ್, ಟಣ್!

ಚಿಲಕ ಎರಡು ತುಂಡಾಗಿ ಬಿತ್ತು. ಬಾಗಿಲು ತೆರೆಯಿತು. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಒಂದು ಕೈಯಲ್ಲಿ ಹಾಡಿನ ಪುಸ್ತಕ, ಒಂದು ಕೈಯಲ್ಲಿ ಕೀ ಹಿಡಿದು ಪಟಪಟಿ ಹೊರಬಂದಳು. ಮೊಳೆ ಚಪ್ಪಾಳೆ ತಟ್ಟಿದ. ಯಾರೂ ಜೊತೆಗೂಡದೆ ಹೋದಾಗ ಕೈ ಜೇಬಿಗೆ ಹಾಕಿಕೊಂಡ.

"ಸದ್ಯ!" ಟೈಮ್ ಅಂಕಲ್ ವಾಚು ನೋಡಿಕೊಂಡರು. "ಎಲ್ಲರೂ ಒಳಗೆ ನಡೀರಿ. ಅದಕ್ಕೆ ಮೊದಲು ಆ ಕೀ ಇಲ್ಲಿ ಕೊಡಮ್ಮ."

ಪಟಪಟಿ ಕೀಯನ್ನು ಬಿಗಿಯಾಗಿ ಹಿಡಿದುಕೊಂಡು ಹೇಳಿದಳು. "ತಪ್ಪು ನಂದು ಅಂಕಲ್. ಅಮ್ಮಂಗೆ ಗೊತ್ತಿರ್ಲಿಲ್ಲ. ಬೈಯೋದಾದ್ರೆ ನನಗೆ ಬೈರಿ. ಕೀ ಮಾತ್ರ ಅಮ್ಮಂದು."

"ಮಕ್ಕಳ ಮಾತು ಬೇರೆ—"

"ಅಣ್ಣಾ," ಎಂದಳು ಅಮ್ಮ.

ದನಿ ದೊಡ್ಡದೇನೂ ಆಗಿರಲಿಲ್ಲ. ಆದರೂ ಎಲ್ಲರೂ ತಿರುಗಿದರು. ಅಮ್ಮ ಇಷ್ಟು ಜನರ ಎದುರು ಮಾತಾಡಿದ್ದನ್ನು ಪಟಪಟಿ ನೋಡಿರಲಿಲ್ಲ. ಅಮ್ಮ ಕತ್ತಿನ ಟೇಪಿನ ಎರಡೂ ತುದಿಗಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

"ಮಗಳು ಮಾಡಿದ್ದು ತಪ್ಪೇ. ಹೊಸ ಚಿಲಕ ನಾನು ಹಾಕಿಸಿಕೊಡ್ತೀನಿ. ಆದ್ರೆ ಕೀ ನನ್ನ ಹತ್ರ ಇರ್ಲಿ ಅಣ್ಣ. ಯಾರೋ ಕೆಲಸ ಹೇಳಿದ್ರು ಅಂತ ನಾನು ಗುಡಿಸ್ತಿಲ್ಲ. ನನಗೆ ಇಷ್ಟ ಅಂತ ಗುಡಿಸ್ತೀನಿ. ಶನಿವಾರ ನನಗೆ ಬೇಕು."

ನನಗೆ ಬೇಕು! ಬಟ್ಟೆಯ ಅಂಗಡಿಯಲ್ಲಿ, ಊಟದ ತಟ್ಟೆಯ ಮುಂದೆ, ಎಲ್ಲಿಯೂ ಅಮ್ಮನ ಬಾಯಲ್ಲಿ ಆ ಮಾತನ್ನು ಪಟಪಟಿ ಕೇಳಿರಲಿಲ್ಲ.

ಟೈಮ್ ಅಂಕಲ್ ವಾಚಿನಿಂದ ತಲೆ ಎತ್ತಿ ಅಮ್ಮನ ಮುಖ ನೋಡಿದರು. ಪಾಸ್ಟರ್ ಅಮ್ಮನ ಕಡೆ ನೋಡಿ ತಲೆಯಾಡಿಸಿದರು, ಅಷ್ಟೆ.

"ಹಾಗಂದ್ರೆ ಸರಿ ತಾಯಿ," ಎಂದರು ಟೈಮ್ ಅಂಕಲ್ ಕೊನೆಗೆ, ಮೆತ್ತಗೆ. "ಅದನ್ನ ಯಾರೂ ನನಗೆ ಹೇಳಿರ್ಲಿಲ್ಲ."

"ನೀವು ಯಾವಾಗ ಕೇಳಿದ್ರಿ? ಟೈಮೆಲ್ಲಿತ್ತು?" ಎಂದಳು ಅಜ್ಜಿ. ಬೇಕರಿಯಣ್ಣನಿಗೆ ನಗು ತಡೆಯದೆ ಬಾಯಲ್ಲಿದ್ದ ಪೆಪ್ಪರ್‌ಮಿಂಟ್ ಹೊರಗೆ ಬಂತು.

"ಆಯ್ತು, ಆಯ್ತು," ಎಂದರು ಟೈಮ್ ಅಂಕಲ್. "ಈಗಾದ್ರೂ ಒಳಗೆ ಹೋಗೋಣ್ವಾ?"

"ನಾನಂತೂ ಏಳಲ್ಲಪ್ಪ," ಎಂದಳು ಅಜ್ಜಿ. "ಈ ಮಂಡಿ ಈಗಷ್ಟೇ ಹೇಳಿದ ಮಾತು ಕೇಳಿ ಮಡಚಿಕೊಂಡಿದೆ."

ಪಾಸ್ಟರ್ ತೆರೆದ ಬಾಗಿಲ ಕಡೆ ನೋಡಿದರು, ಅಜ್ಜಿಯ ಮಂಡಿಯ ಕಡೆ ನೋಡಿದರು. ಆಮೇಲೆ ತಾವೂ ಮೆಟ್ಟಿಲ ಮೇಲೆ ಕೂತು, "ಇವತ್ತು ನಾನು ಹೆಚ್ಚು ಮಾತಾಡೋದಿಲ್ಲ," ಎಂದು ಪ್ರಸಂಗ ಶುರುಮಾಡಿದರು. ಮಕ್ಕಳು ಒಬ್ಬರನ್ನೊಬ್ಬರು ನೋಡಿ ಮುಸಿಮುಸಿ ನಕ್ಕರು.

ಪಟಪಟಿಗೆ ಕೂರಲು ಜಾಗ ಕಾಣಲಿಲ್ಲ. ಸರಿಗಮ ಪಕ್ಕಕ್ಕೆ ಸರಿದು, ತನ್ನ ಮಗ್ಗುಲಲ್ಲಿ ಕೈ ಬಡಿದು ತೋರಿಸಿದಳು. ಪಟಪಟಿ ಅಲ್ಲಿ ತೂರಿಕೊಂಡಳು. ಕಲ್ಲು ಬಿಸಿಲಿಗೆ ಬೆಚ್ಚಗಾಗಿತ್ತು. ಈಗ ಎಲ್ಲರೂ ಕಾಣುತ್ತಿದ್ದರು, ಪೂರ್ತಿ ಪೂರ್ತಿಯಾಗಿ.

ಬೀದಿಯ ಆಚೆ ಬಸ್ ಸ್ಟಾಪಿನಲ್ಲಿ ಒಬ್ಬ ಹೆಂಗಸು ಕೈಚೀಲ ಹಿಡಿದು ಇತ್ತಲೇ ನೋಡುತ್ತಿದ್ದಳು. ಅವಳ ಬೆರಳು ಹಿಡಿದು ಒಂದು ಪುಟ್ಟ ಮಗು. ಹಾಡು ಶುರುವಾದಾಗಿನಿಂದ ನಿಂತಿದ್ದಳೋ ಏನೋ. ಒಂದು ಬಸ್ಸು ಬಂತು, ಹೋಯಿತು. ಅವಳು ಹತ್ತಲಿಲ್ಲ. ಆಮೇಲೆ ಮೆಲ್ಲಗೆ ರಸ್ತೆ ದಾಟಿ ಬಂದು, ಮೆಟ್ಟಿಲ ಬುಡದಲ್ಲಿ ನಿಂತಳು. 

ಎಲ್ಲರಿಗಿಂತ ಹತ್ತಿರ ಇದ್ದವಳು ಪಟಪಟಿ. ಹೆಂಗಸು ಅವಳ ಕಡೆ ಬಾಗಿ, ಪಿಸುಮಾತಿನಲ್ಲಿ ಕೇಳಿದಳು. "ನಾವೂ ಸ್ವಲ್ಪ ಹೊತ್ತು ಕೂತ್ಕೋಬಹುದಾ ಮರಿ? ಯಾರನ್ನ ಕೇಳ್ಬೇಕು?"

ಪಟಪಟಿ ಪಾಸ್ಟರ್ ಕಡೆ ನೋಡಿದಳು. ಟೈಮ್ ಅಂಕಲ್ ಕಡೆ ನೋಡಿದಳು. ಬಡಗಿ ತಾತ, ಕೀಬೋರ್ಡಿನ ಚೀಲ, ಅಮ್ಮ. ಹೇಳಲು ಅವಳ ಬಾಯಿತುಂಬ ಮಾತಿತ್ತು. ಆದರೆ ಬೇಕಾದದ್ದು ಚೂರೇ ಚೂರು ಅನ್ನಿಸಿತು.

"ಯಾರನ್ನೂ ಕೇಳೋದು ಬೇಡ ಆಂಟಿ. ಬನ್ನಿ."

ಪಟಪಟಿ ಪಕ್ಕಕ್ಕೆ ಸರಿದಳು. ಅವಳು ಸರಿದದ್ದಕ್ಕೆ ಸರಿಗಮ ಸರಿದಳು. ಸರಿಗಮ ಸರಿದದ್ದಕ್ಕೆ ಮೊಳೆ, ಮೊಳೆ ಸರಿದದ್ದಕ್ಕೆ ಬೇಕರಿಯಣ್ಣ. ಸಾಲಿನ ಕೊನೆಯಲ್ಲಿದ್ದ ಟೈಮ್ ಅಂಕಲ್ ಅರ್ಧ ಮೆಟ್ಟಿಲಿನ ಮೇಲೆ, ಅರ್ಧ ಗಾಳಿಯಲ್ಲಿ ಉಳಿದರು. ಒಂದು ಕೈ ನೆಲಕ್ಕೆ ಊರಿ, ಹಾಗೇ ಕೂತರು.

ಮಗು ಪಟಪಟಿಯ ತೊಡೆಗೆ ಒರಗಿಕೊಂಡಿತು. ಅದರ ಒಂದು ಕಾಲುಚೀಲ ಆಗಲೇ ಅರ್ಧ ಜಾರಿತ್ತು. ಪಟಪಟಿ ಅದನ್ನು ಎಳೆದು ಸರಿಮಾಡಲು ಕೈ ನೀಡಿದಳು. ಆಮೇಲೆ, ಇರಲಿ, ಶನಿವಾರ ಅಮ್ಮನಿಗೆ ಸಿಗಲಿ, ಅಂತ ಬಿಟ್ಟುಬಿಟ್ಟಳು.